ಮಜ್ಜಿಗೆಯಲ್ಲಿ ಸಾಯದ್ದು

ಮೊದಲನೆಯ ತಟ್ಟೆಯ ಮೇಲೆ ಹನಿ ಬಿದ್ದಾಗ ಒಂದೆರಡು ಗುಳ್ಳೆ ಎದ್ದವು, ಅಷ್ಟೇ. ಎರಡನೆಯ ತಟ್ಟೆಯ ಮೇಲೆ ಬಿದ್ದ ಹನಿ ಬುಸುಬುಸು ನೊರೆಯೆದ್ದು ಅಂಚಿನವರೆಗೂ ಹರಡಿತು.

ಆಲ್ಡರ್ಟ್ ರೋಸ್ಯೆನ್ ಹನಿಗೊಳವೆಯನ್ನು ಕೆಳಗಿಟ್ಟ. ಮೂವತ್ತೆಂಟರ ಗಂಡಸು, ಈ ಸಂಶೋಧನಾ ಕೇಂದ್ರದಲ್ಲಿ ಹತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿರುವವನು.

"ಇನ್ನೊಂದ್ಸಲ ಹಾಕಿ," ಎಂದೆ.

"ಹಾಕಿದ್ರೂ ಅಷ್ಟೇ ಮೇಡಂ."

"ಹಾಕಿ."

ಹಾಕಿದ. ಮತ್ತೆ ನೊರೆ. ಗಾಯ ತೊಳೆಯುವುದಕ್ಕೆ ಔಷಧದಂಗಡಿಯಲ್ಲಿ ಸಿಗುತ್ತದಲ್ಲ, ಅದೇ ಪೆರಾಕ್ಸೈಡ್. ಬಾಟಲಿಯನ್ನು ಬೆಳಿಗ್ಗೆ ನಾನೇ ಅಂಗಡಿಯಿಂದ ಕೊಂಡು ತಂದಿದ್ದೆ. ಈ ಕಟ್ಟಡದಲ್ಲಿ ಯಾರಾದರೂ ಕೈಗೆ ಕೊಟ್ಟದ್ದನ್ನು ನಂಬುವ ಸ್ಥಿತಿಯಲ್ಲಿ, ತನಿಖೆಗೆ ಬಂದ ಪೊಲೀಸಿನವಳಾದ ನಾನಿರಲಿಲ್ಲ.

ಮೊದಲನೆಯ ತಟ್ಟೆಯಲ್ಲಿದ್ದದ್ದು ಬರ್ತಾ. ಬರ್ತಾ ಎಂದರೆ ಒಂದು ಹಸು. ಆರು ವರ್ಷದ ಹಿಂದೆ ಅದರ ಸೆಗಣಿಯಿಂದ ತೆಗೆದ ಕರುಳಿನ ಬ್ಯಾಕ್ಟೀರಿಯಾಕ್ಕೂ ಇವರು ಅದೇ ಹೆಸರಿಟ್ಟುಕೊಂಡಿದ್ದರು. ಎರಡನೆಯ ತಟ್ಟೆಯಲ್ಲಿದ್ದದ್ದು ಟ್ರೈಂಟ್ಯೆಯ ಹೊಟ್ಟೆಯಿಂದ ಬಂದದ್ದು.

ಟ್ರೈಂಟ್ಯೆ ನನ್ನ ಪಕ್ಕದ ಮನೆಯವಳು, ಈ ಕೇಂದ್ರದಲ್ಲೇ ಕೆಲಸಕ್ಕಿರುವವಳು. ಇಪ್ಪತ್ತೆರಡು ವರ್ಷದಿಂದ ನನ್ನ ಮನೆಯ ಬೀಗದ ಕೈ ಅವಳ ಹತ್ತಿರ, ಅವಳದು ನನ್ನ ಹತ್ತಿರ. ಅದು ಈಗಲೂ ನನ್ನ ಕೋಟಿನ ಜೇಬಿನಲ್ಲೇ ಇದೆ. ಮಂಗಳವಾರ ಬೆಳಿಗ್ಗೆ ಅದೇ ಬೀಗದ ಕೈಯಿಂದ ಬಾಗಿಲು ತೆಗೆದು, ಬಚ್ಚಲುಮನೆಯ ನೆಲದ ಮೇಲೆ ಬಿದ್ದಿದ್ದವಳನ್ನು ಎತ್ತಿಕೊಂಡು ಆಸ್ಪತ್ರೆಗೆ ಒಯ್ದಿದ್ದೆ.

ಅದೇ ಮಂಗಳವಾರ ಮಧ್ಯಾಹ್ನ ಈ ಕೇಂದ್ರದ ಮುಖ್ಯಸ್ಥ ಪ್ರೊಫೆಸರ್ ಲುಬ್ಬರ್ಟ್ ವೆಸ್ಸಿಂಕ್ ತೀರಿಕೊಂಡರು. ಇಬ್ಬರ ಹೊಟ್ಟೆಗೂ ಹೋದದ್ದು ಒಂದೇ ಪೊಟ್ಟಣದ ಮಜ್ಜಿಗೆ.

ಪೊಟ್ಟಣ ಪ್ರೊಫೆಸರರದು. ಊಟದ ಕೋಣೆಯ ಫ್ರಿಜ್‌ನಲ್ಲಿ, ಮೇಲೆ ಅವರ ಹೆಸರು ಬರೆದಿಟ್ಟದ್ದು. ಇನ್ನೊಬ್ಬರ ಹೆಸರಿರುವ ಪೊಟ್ಟಣವನ್ನು ಇಲ್ಲಿ ಯಾರೂ ಮುಟ್ಟುವುದಿಲ್ಲ. ಕೊಂದವನು ನೆಚ್ಚಿಕೊಂಡಿದ್ದು ಅದನ್ನೇ. ಆದರೆ ಪ್ರೊಫೆಸರ್ ಆಸ್ಪತ್ರೆ ಸೇರಿದ ದಿನ ಟ್ರೈಂಟ್ಯೆ ಫ್ರಿಜ್ ಒರೆಸುತ್ತ ಪೊಟ್ಟಣದ ಮೇಲಿನ ತಾರೀಖು ನೋಡಿದಳು. ನಾಳೆಗೆ ಮುಗಿಯುತ್ತದೆ, ಅರ್ಧ ಪೊಟ್ಟಣ ಚೆಲ್ಲುವುದೇ? ಯೋಗರ್ಟ್ ಬಾಟಲಿಯ ತಳವನ್ನು ಉದ್ದ ಹಿಡಿಕೆಯ ರಬ್ಬರಿನಿಂದ ಕೆರೆದು ತಿನ್ನುವ ಜನ ನಾವು. ಅವಳು ನಿಂತಲ್ಲೇ ಕುಡಿದು, ಪೊಟ್ಟಣ ತೊಳೆದು, ಮಡಚಿ ಕಾಗದದ ಬುಟ್ಟಿಗೆ ಹಾಕಿದಳು. ಬೇರೆ ಯಾವ ದೇಶದವಳಾಗಿದ್ದರೂ ಚೆಲ್ಲಿಬಿಡುತ್ತಿದ್ದಳು, ಪಾರಾಗುತ್ತಿದ್ದಳು.

ಈಗ ನಾವು ನಿಂತಿದ್ದದ್ದು ಟ್ರೈಂಟ್ಯೆಯ ಕೋಣೆಯಲ್ಲೇ. ಬ್ಯಾಕ್ಟೀರಿಯಾಗಳಿಗೆ ಆಹಾರ ಬೇಯಿಸುವ ಜಾಗ, ಎಲ್ಲರೂ 'ಅಡುಗೆಮನೆ' ಎನ್ನುತ್ತಾರೆ. ಅವಳ ಹೂವಿನ ಏಪ್ರನ್ ಗೂಟದಲ್ಲಿ ತೂಗುತ್ತಿತ್ತು. ಗೋಡೆಯ ಗಡಿಯಾರದಲ್ಲಿ ಹನ್ನೆರಡಕ್ಕೆ ಹತ್ತು ನಿಮಿಷ.

"ಅಂದ್ರೆ ಏನು ಅರ್ಥ?" ಎಂದು ಕೇಳಿದವಳು ಒಡಿಲಿಯಾ ವೆರ್ವೈ. ಕೇಂದ್ರದ ಸುರಕ್ಷತೆಯ ಅಧಿಕಾರಿ, ಐವತ್ತೈದರ ಹೆಂಗಸು, ಫ್ರೀಜರುಗಳ ಪುಸ್ತಕವೂ ಮೊಹರೂ ಅವಳ ವಶ. ಬೆಳಿಗ್ಗೆ ನನಗೆ ಕಾಫಿ ಕೊಟ್ಟು, ಡಬ್ಬಿ ತೆರೆದು ಒಂದು ಬಿಸ್ಕತ್ತು ಮುಂದೆ ಹಿಡಿದು, ಡಬ್ಬಿ ಮುಚ್ಚಿದ್ದಳು. ನಾನು ಕಾಫಿಯನ್ನೂ ಕುಡಿಯಲಿಲ್ಲ, ಬಿಸ್ಕತ್ತನ್ನೂ ತಿನ್ನಲಿಲ್ಲ.

"ಆಲ್ಡರ್ಟ್ ಹೇಳ್ತಾರೆ," ಎಂದೆ.

ಅವನು ತಟ್ಟೆಗಳನ್ನೇ ನೋಡುತ್ತ ಹೇಳಿದ. "ಹಸುವಿನಿಂದ ಬಂದ ಬರ್ತಾದಲ್ಲಿ ಒಂದು ಜೀನ್ ಕೆಟ್ಟಿತ್ತು. ಮೇಸ್ತ್ರಿ ಅಂತಿಟ್ಕೊಳ್ಳಿ. ಹಸಿವು, ಚಳಿ, ಹುಳಿ, ಏನೇ ಕಷ್ಟ ಬಂದ್ರೂ ಉಳಿದ ನೂರಾರು ಜೀನ್‌ಗಳನ್ನ ಎಬ್ಬಿಸಿ ಕೆಲಸಕ್ಕೆ ಹಚ್ಚೋದು ಅದು. ಮೇಸ್ತ್ರಿ ಇಲ್ದಿದ್ರೆ ಪೆರಾಕ್ಸೈಡ್‌ಗೆ ನೊರೆ ಬರಲ್ಲ. ಹುಳಿಯಲ್ಲಿ ಬದುಕೋದೂ ಇಲ್ಲ."

"ಮಜ್ಜಿಗೆಯಲ್ಲಿ?"

"ಒಂದು ರಾತ್ರಿ ಬಾಳಲ್ಲ."

"ಈ ತಟ್ಟೆಯಲ್ಲಿರೋದು?"

"ಮೇಸ್ತ್ರಿನ ರಿಪೇರಿ ಮಾಡಿದ ಬರ್ತಾ." ಅವನ ದನಿ ಇಳಿಯಿತು. "ನಾನು ಮಾಡಿದ್ದು."

ಒಡಿಲಿಯಾ ತಲೆಯಾಡಿಸಿದಳು. "ಮಂಗಳವಾರಾನೇ ನಿಮಗೆ ಪುಸ್ತಕ ಓದಿ ಹೇಳಿದೀನಲ್ಲ ಮೇಡಂ. ರಿಪೇರಿ ಆದ ತಳಿಯ ಪೆಟ್ಟಿಗೆಯನ್ನ ಆಗಸ್ಟ್‌ನಿಂದ ಯಾರೂ ತೆಗೆದಿಲ್ಲ."

ಓದಿ ಹೇಳಿದ್ದು ನಿಜ. ಅವತ್ತು ನನ್ನ ಓದುವ ಕನ್ನಡಕ ಕಾರಿನಲ್ಲಿತ್ತು.

ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ಟ್ರೈಂಟ್ಯೆ ಇದ್ದ ಆಸ್ಪತ್ರೆಯಿಂದ ಡಾಕ್ಟರ್ ಮಿರ್ತೆ ಸ್ಕಾಪ್. ತಟ್ಟೆ ಹಿಡಿದ ಕೈಗವಸು ಕಿವಿಗೆ ತಾಗುವುದು ಬೇಡವೆಂದು ಫೋನನ್ನು ಮೇಜಿನ ಮೇಲಿಟ್ಟು ಎಲ್ಲರಿಗೂ ಕೇಳುವ ಹಾಗೆ ಮಾಡಿದೆ. ಎಂಥ ಕೆಲಸ ಮಾಡಿದೆ ಎಂಬುದು ನನಗೆ ಆಗ ಹೊಳೆಯಲಿಲ್ಲ.

"ಶೌಕ್ಯೆ, ಸೋಂಕು ರಕ್ತಕ್ಕಿಳಿದಿದೆ," ಎಂದಳು ಮಿರ್ತೆ. "ಜ್ವರ ನಲವತ್ತೊಂದು ಡಿಗ್ರಿ, ಇಳೀತಾನೇ ಇಲ್ಲ. ಲ್ಯಾಬ್ ತಳಿ ಅಲ್ವಾ, ಉಳಿದ ಔಷಧಿಗೆಲ್ಲ ಜಗ್ಗೋದೇ ಇಲ್ಲ. ಒಂದೇ ಒಂದು ಉಳಿದಿದೆ. ಅದನ್ನ ಕೊಡೋಕೆ ನನಗೆ ಭಯ."

"ಯಾಕೆ?"

"ಈ ಬ್ಯಾಕ್ಟೀರಿಯಾದ ಒಳಗೆ ವಿಷದ ಜೀನ್ ಇದೆ. ಅದಕ್ಕೆ ಇನ್ನೊಂದು ಜೀನ್ ಬೀಗ ಹಾಕಿ ಕೂತಿರುತ್ತೆ. ಪ್ರಾಣಕ್ಕೆ ಬಂತು ಅನ್ನಿಸಿದ್ರೆ ಮಾತ್ರ ಬೀಗ ಕಳಚುತ್ತೆ. ನನ್ನ ಹತ್ರ ಇರೋ ಔಷಧಿ ಅದರ ಪ್ರಾಣಕ್ಕೇ ಕೈ ಹಾಕೋದು. ಔಷಧಿ ಹೋದ ಕೂಡ್ಲೇ ಇದ್ದಬದ್ದ ವಿಷ ಎಲ್ಲ ಒಮ್ಮೆಗೇ ಹೊರಗೆ ಬಂದ್ರೆ ಕಿಡ್ನಿ ಹೋಯ್ತು, ಮಿದುಳು ಹೋಯ್ತು."

"ಕೊಡದಿದ್ರೆ?"

"ಸಾಯಂಕಾಲದವರೆಗೆ ಬದುಕೋದು ಕಷ್ಟ." ಮಿರ್ತೆ ಉಸಿರು ಎಳೆದುಕೊಂಡದ್ದು ಕೇಳಿಸಿತು. "ಒಂದು ಗಂಟೆಗೆ ತೀರ್ಮಾನ ಮಾಡ್ಬೇಕು. ಇದರ ಬೀಗ ತೆರೆಯುತ್ತೋ ಇಲ್ವೋ ಅಂತ ಲ್ಯಾಬಿನವರು ಮೊಹರು ಹಾಕಿ ಬರೆದು ಕೊಡ್ಲಿ. ತೆರೆಯಲ್ಲ ಅಂತ ಕೊಟ್ರೆ ಆ ಕ್ಷಣ ಶುರು ಮಾಡ್ತೀನಿ."

"ಮಾತಾಡ್ತಿದಾಳಾ?"

"ಆಗಾಗ. 'ಶೌಕ್ಯೆಗೆ ಹೇಳ್ಬೇಕು, ನನ್ನ ಆವಿ ಕುಕ್ಕರಿಗೆ ಅವು ಬರ್ಲೇ ಇಲ್ಲ' ಅಂತಾಳೆ. ಮತ್ತೆ ಕಣ್ಣು ಮುಚ್ತಾಳೆ."

ಫೋನು ಇಟ್ಟಳು. ಆವಿ ಕುಕ್ಕರು ಎಂದರೆ ಮೂಲೆಯಲ್ಲಿದ್ದ ದೊಡ್ಡ ಉಕ್ಕಿನ ಡ್ರಮ್ಮು, ಬೇಡವಾದ ಬ್ಯಾಕ್ಟೀರಿಯಾಗಳನ್ನು ಬೇಯಿಸಿ ಕೊಲ್ಲುವುದು ಅದರಲ್ಲಿ. ಜ್ವರದ ಬಡಬಡಿಕೆ ಎಂದುಕೊಂಡೆ. ತಲೆಗೆ ಹಾಕಿಕೊಳ್ಳಲಿಲ್ಲ.

ಒಡಿಲಿಯಾ ಕಣ್ಣೊರೆಸಿಕೊಂಡಳು. "ಪಾಪದ ಜೀವ. ನಾನೇನೂ ಇಲ್ಲಿ ಬೇಕಾಗಿಲ್ಲ ಅಲ್ವಾ ಮೇಡಂ? ಅವಳಿಗೆ ದ್ರಾಕ್ಷಿ ತಂದಿಟ್ಟಿದೀನಿ, ಕೊಟ್ಟು ಬರ್ತೀನಿ. ಊಟದ ಹೊತ್ತಲ್ಲೇ ಹೋದ್ರೆ ಒಂದೂವರೆಗೆಲ್ಲ ವಾಪಸ್ ಬಂದ್ಬಿಡ್ತೀನಿ."

"ಹೋಗಿ ಬನ್ನಿ," ಎಂದೆ. ಅವಳಿರದಿದ್ದರೆ ಆಲ್ಡರ್ಟ್ ಬೇಗ ಬಾಯಿ ಬಿಡುತ್ತಾನೆ ಎಂಬ ಲೆಕ್ಕ ನನ್ನದು.

ಕಿಟಕಿಯಿಂದ ನೋಡಿದೆ. ಸೈಕಲ್ಲಿನ ಚೀಲಕ್ಕೆ ದ್ರಾಕ್ಷಿಯ ಪೊಟ್ಟಣ ಇಟ್ಟು, ಮಳೆಯ ಕೋಟಿನ ಗುಂಡಿ ಹಾಕಿಕೊಂಡು, ಕಾಲುವೆಯ ದಡದ ಹಾದಿಯಲ್ಲಿ ಎದುರುಗಾಳಿಗೆ ಬಗ್ಗಿ ಹೊರಟಳು.

ಬಾಗಿಲಿಗೆ ಚಿಲಕ ಹಾಕಿ ಬಂದು ಆಲ್ಡರ್ಟ್‌ನ ಎದುರು ಕುಳಿತೆ.

ಒಂದು ಮಾತು ಹೇಳಿಬಿಡುತ್ತೇನೆ. ಮೂವತ್ತೆರಡು ವರ್ಷ ಪೊಲೀಸ್ ಕೆಲಸ ಮಾಡಿದ್ದೇನೆ. ಚೂರಿ ಹಿಡಿದವನ ಎದುರು ಒಬ್ಬಳೇ ನಿಂತಿದ್ದೇನೆ. ಆದರೆ ಈ ಮೂರು ದಿನ ನಾನು ಹೆದರಿದ ಹಾಗೆ ಯಾವತ್ತೂ ಹೆದರಿಲ್ಲ. ಬಾಗಿಲ ಹಿಡಿ ಮುಟ್ಟಲು ಹೆದರಿಕೆ, ಲಿಫ್ಟಿನ ಗುಂಡಿ ಒತ್ತಲು ಹೆದರಿಕೆ. ಸೋಪು ಹಾಕಿ ಹಾಕಿ ಕೈ ಸಿಪ್ಪೆ ಸುಲಿದಿತ್ತು. ರಾತ್ರಿ ಮನೆಯ ಫ್ರಿಜ್ ತೆರೆದು, ನನ್ನದೇ ಮಜ್ಜಿಗೆಯ ಪೊಟ್ಟಣ ನೋಡಿ, ಹಾಗೇ ಮುಚ್ಚಿದ್ದೆ. ಕಣ್ಣಿಗೆ ಕಾಣದ ಶತ್ರುವಿನ ಮುಂದೆ ಪಿಸ್ತೂಲು ಇಟ್ಟುಕೊಂಡು ಏನು ಮಾಡಲಿ?

"ಆಲ್ಡರ್ಟ್, ಒಂದು ಗಂಟೆಗೆ ಇನ್ನು ಅರವತ್ತು ನಿಮಿಷ ಇದೆ," ಎಂದೆ. "ನೀವು ಬಾಯಿ ಬಿಡದಿದ್ರೆ ನಾನು ಇಲ್ಲೇ ಕೂತಿರ್ತೀನಿ. ಟ್ರೈಂಟ್ಯೆ ಅಲ್ಲಿ ಸಾಯ್ತಾಳೆ. ಆಮೇಲೆ ನಾವಿಬ್ಬರೂ ಅವಳ ಮಣ್ಣಿಗೆ ಹೋಗೋಣ. ನೀವು ಕರೀ ಟೈ ಕಟ್ಕೊಂಡು ಬನ್ನಿ."

"ನಾನು ಏನೂ—"

"ಈ ತಳಿ ಮಜ್ಜಿಗೆಯಲ್ಲಿ ಬದುಕುತ್ತೆ ಅಂತ ಗೊತ್ತಿದ್ದವನೇ ಅದನ್ನ ಮಜ್ಜಿಗೆಗೆ ಹಾಕೋಕೆ ಸಾಧ್ಯ. ಪ್ರೊಫೆಸರ್ ನಂಬಿರಲಿಲ್ಲ. ನಿಮ್ಮ ರಿಪೇರಿ ಸುಳ್ಳು ಅಂತ ಬರೆದು ಪ್ರಬಂಧ ವಾಪಸ್ ಕಳಿಸಿದ್ರು. ಹೌದೋ ಅಲ್ವೋ?"

"ಹೌದು."

"ಅಕ್ಟೋಬರಿನಲ್ಲಿ ಕೇಕ್ ತಿನ್ನೋಕೆ ಎಲ್ಲ ಸೇರಿದ್ದಾಗ ನೀವೊಂದು ಮಾತು ಹೇಳಿದ್ರಂತೆ. ಆರು ಜನ ನನಗೆ ಹೇಳಿದಾರೆ. ನೀವೇ ಹೇಳಿ, ಕೇಳ್ತೀನಿ."

ಅವನು ಮುಖವನ್ನು ಕೈಯಲ್ಲಿ ಮುಚ್ಚಿಕೊಂಡ. "ಅವರ ಮಜ್ಜಿಗೆಗೇ ಒಂದು ದಿನ ಹಾಕ್ತೀನಿ, ಆಗ ನಂಬ್ತಾರೆ ಅಂದಿದ್ದೆ. ತಮಾಷೆಗೆ. ಎಲ್ಲರೂ ನಕ್ಕರು. ಪ್ರೊಫೆಸರೂ ನಕ್ಕರು."

"ಆಮೇಲೆ ತಮಾಷೆ ನಿಲ್ಲಿಸಿದ್ರಿ."

ಹೊರಗೆ ಕಾಲುವೆಯಲ್ಲಿ ಮರಳಿನ ದೋಣಿಯೊಂದು ಹಾದುಹೋಗುತ್ತಿತ್ತು. ಅದರ ಇಂಜಿನ್ನಿಗೆ ಕಿಟಕಿಯ ಗಾಜು ಅದುರಿತು.

ನಾನು ಎದ್ದು ಗೂಟದಿಂದ ಹೂವಿನ ಏಪ್ರನ್ ತೆಗೆದು ಅವನ ಮುಂದೆ ಹಾಕಿದೆ. ಹಳ್ಳಿಯ ಪಾದ್ರಿಯ ಹಾಗೆ ಬುದ್ಧಿ ಹೇಳುವ ಅಭ್ಯಾಸ ನನಗಿಲ್ಲ, ಆದರೆ ಹೊತ್ತು ಓಡುತ್ತಿತ್ತು.

"ನಿಮ್ಮ ಹೆಂಡತಿ ಬಿಟ್ಟು ಹೋದ ಚಳಿಗಾಲ ನಿಮಗೆ ಬಟಾಣಿ ಸೂಪ್ ತಂದು ಕೊಡ್ತಿದ್ದವರು ಯಾರು?"

"ಮೇಡಂ, ಬೇಡ."

"ಪ್ರತಿ ಗುರುವಾರ. ಆ ಪಾತ್ರೆ ನನ್ನದು, ಮಾರಾಯ. ನನ್ನ ಮನೆಯಿಂದ ಒಯ್ತಿದ್ಲು. 'ಆ ಆಲ್ಡರ್ಟ್ ಮೂಳೆ ಬಿಟ್ಕೊಂಡಿದಾನೆ ಕಣೆ, ದೊಡ್ಡ ಪಾತ್ರೆ ಕೊಡು' ಅಂತ. ಇವತ್ತು ಗುರುವಾರ. ಗಂಟೆ ನೋಡು."

ಅವನು ನೋಡಿದ. ಹನ್ನೆರಡು ಹತ್ತು. ಅವನ ಗಲ್ಲ ನಡುಗಿತು, ಆಮೇಲೆ ಭುಜ, ಆಮೇಲೆ ಇಡೀ ಮೈ. ಅಳುವುದನ್ನು ನೋಡಿ ನನಗೆ ಕನಿಕರ ಬರಲಿಲ್ಲ. ಬರುವ ಹೊತ್ತು ಅದಾಗಿರಲಿಲ್ಲ.

"ನಾನೇ," ಎಂದ. "ಹದಿನೇಳನೇ ತಾರೀಖು, ಸೋಮವಾರ ಬೆಳಿಗ್ಗೆ. ಎಲ್ಲರಿಗಿಂತ ಮುಂಚೆ ಬಂದೆ. ಒಂದು ಹನಿ, ಒಂದೇ ಹನಿ. ಮೂರು ದಿನ ಹೊಟ್ಟೆ ಕೆಡುತ್ತೆ, ಅವರೇ ತಟ್ಟೆಗೆ ಹಾಕಿ ನೋಡ್ತಾರೆ, ನೊರೆ ಬರುತ್ತೆ, ಆಗ ಗೊತ್ತಾಗುತ್ತೆ ಅಂದ್ಕೊಂಡೆ. ದೇವರಾಣೆ, ಸಾಯ್ತಾರೆ ಅಂತ ಅಂದ್ಕೊಳ್ಲಿಲ್ಲ."

"ವಿಷದ ಜೀನ್ ಇರೋದನ್ನ ಕುಡಿಸಿ, ಸಾಯಲ್ಲ ಅಂದ್ಕೊಂಡ್ರಾ?"

"ಯಾಕಂದ್ರೆ ನಾನು ಬೀಗಾನ ಬೆಸುಗೆ ಹಾಕಿಬಿಟ್ಟಿದ್ದೆ." ಈಗ ಅವನು ತಲೆಯೆತ್ತಿದ. ಕಣ್ಣಲ್ಲಿ ಏನೋ ಹೊಳಪು ಬಂದಿತ್ತು. "ಡಾಕ್ಟ್ರು ಹೇಳಿದ್ರಲ್ಲ, ಪ್ರಾಣಕ್ಕೆ ಬಂದಾಗ ಕಳಚೋ ಬೀಗ ಅಂತ? ನನ್ನ ತಳಿಯಲ್ಲಿ ಅದು ಕಳಚೋದೇ ಇಲ್ಲ. ಆ ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಯಿಸಿದೀನಿ. ಏನು ಔಷಧಿ ಹಾಕಿದ್ರೂ ಬೀಗ ಹಂದಾಡಲ್ಲ, ವಿಷ ಹೊರಗೆ ಬರಲ್ಲ. ಹೊಟ್ಟೆ ಕೆಡಿಸುತ್ತೆ, ಅಷ್ಟೇ."

"ಅಂದ್ರೆ ಟ್ರೈಂಟ್ಯೆಗೆ ಔಷಧಿ ಕೊಡಬಹುದು?"

"ಕೊಡಬಹುದು ಅಲ್ಲ, ಕೊಡ್ಲೇಬೇಕು. ಎರಡು ದಿನದಿಂದ ನನಗಿದು ಗೊತ್ತು. ಹೇಳಿದ್ರೆ ನಾನು ಸಿಕ್ಕಿಬೀಳ್ತೀನಿ ಅಂತ ಬಾಯಿ ಮುಚ್ಕೊಂಡಿದ್ದೆ. ನಾಯಿ ಜನ್ಮ ನಂದು. ಫೋನ್ ಮಾಡಿ ಮೇಡಂ. ಈಗಲೇ ಮಾಡಿ. ಬರೆದು ಕೊಡೋದು ಆಮೇಲೆ. ಬೇಕಾದ್ರೆ ಕೋಳ ಹಾಕಿ, ಮೊದಲು ಫೋನ್ ಮಾಡಿ."

ಸುಳ್ಳು ಹೇಳುವವರನ್ನು ಬಹಳ ನೋಡಿದ್ದೇನೆ. ಇವನು ಸುಳ್ಳು ಹೇಳುತ್ತಿರಲಿಲ್ಲ. ನನ್ನ ಎದೆಯ ಮೇಲಿನ ಕಲ್ಲನ್ನು ಯಾರೋ ಸರಿಸಿದ ಹಾಗಾಯಿತು. ಕೈಗವಸು ಕಿತ್ತೆಸೆದು ಫೋನು ಎತ್ತಿಕೊಂಡೆ. ಮಿರ್ತೆಯ ಹೆಸರಿನ ಮೇಲೆ ಬೆರಳಿಟ್ಟೆ.

ಒತ್ತಲಿಲ್ಲ.

ಏನೋ ಅಡ್ಡ ಬಂತು. ಏನೆಂದು ತಕ್ಷಣ ಗೊತ್ತಾಗಲಿಲ್ಲ. ಪ್ರೊಫೆಸರ್ ಇದ್ದದ್ದು ಮಿರ್ತೆಯ ಆಸ್ಪತ್ರೆಯಲ್ಲಲ್ಲ, ಬೇರೊಂದರಲ್ಲಿ; ಅಲ್ಲಿನ ಕಾಗದಗಳನ್ನು ನಿನ್ನೆ ಸಂಜೆ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ್ದೆ. ಶುಕ್ರವಾರ ದಾಖಲು. ಶನಿವಾರ ಒಂದು ಔಷಧಿ.

"ಆಲ್ಡರ್ಟ್," ಎಂದೆ ನಿಧಾನವಾಗಿ, "ಪ್ರೊಫೆಸರು ಯಾತರಿಂದ ಸತ್ತರು?"

"ರಕ್ತಕ್ಕೆ ಸೋಂಕು ಇಳಿದು. ಎಪ್ಪತ್ತೊಂದು ವರ್ಷ, ಹೃದಯ ಮೊದಲೇ... ಹಾಗಂತ ಒಡಿಲಿಯಾ ಹೇಳಿದ್ರು."

"ಒಡಿಲಿಯಾ ಹೇಳಿದ್ರು."

"ಹೌದು. ಅವರ ಮನೆಯವರಿಂದ ಕೇಳಿಕೊಂಡು ಬಂದು ನಮಗೆಲ್ಲ ಹೇಳಿದ್ರು."

"ಶನಿವಾರ ರಾತ್ರಿ ಅವರಿಗೆ ಔಷಧಿ ಹಾಕಿದ್ರು. ಈಗ ಮಿರ್ತೆ ಹೇಳ್ತಿದಾಳಲ್ಲ, ಅದೇ ಔಷಧಿ. ಆಗ ಅಲ್ಲಿನ ಡಾಕ್ಟರುಗಳಿಗೆ ಇದು ಯಾವ ಬ್ಯಾಕ್ಟೀರಿಯಾ ಅಂತ ಗೊತ್ತಿರಲಿಲ್ಲ. ಭಾನುವಾರ ಮಧ್ಯಾಹ್ನಕ್ಕೆ ಎರಡು ಕಿಡ್ನಿಯೂ ನಿಂತವು. ಸೋಮವಾರ ಪ್ರಜ್ಞೆ ಹೋಯ್ತು. ರಕ್ತದ ತುಂಬ ವಿಷ ಇತ್ತು ಅಂತ ಬರೆದಿದಾರೆ."

ಅವನ ಮುಖದ ರಕ್ತವೆಲ್ಲ ಇಳಿದುಹೋದದ್ದನ್ನು ನಾನು ಕಣ್ಣಾರೆ ನೋಡಿದೆ. ಇಷ್ಟು ಹೊತ್ತು ಅಳುತ್ತಿದ್ದವನು ಅಳುವುದನ್ನೂ ಮರೆತ.

"ಆಗೋಕೆ ಸಾಧ್ಯ ಇಲ್ಲ," ಎಂದ.

"ಆಗಿದೆ."

"ಬೀಗ ಬೆಸೆದಿದೆ ಮೇಡಂ. ಬೆಸೆದ ಬೀಗ ಔಷಧಿಗೆ ಕಳಚಲ್ಲ. ಕಳಚಿದೆ ಅಂದ್ರೆ..." ಅವನು ತಟ್ಟೆಯನ್ನು ಬೆಳಕಿಗೆ ಹಿಡಿದ. "ಕಳಚಿದೆ ಅಂದ್ರೆ ನಾನು ಹಾಕಿದ್ದು ನನ್ನ ಬೆಸುಗೆಯ ತಳಿ ಅಲ್ಲ."

"ನೊರೆ ಬಂತಲ್ಲ?"

"ನೊರೆ ಮೇಸ್ತ್ರಿಯದ್ದು. ಬೀಗದ್ದಲ್ಲ. ನಾನು ಎರಡು ಹಂತದಲ್ಲಿ ಮಾಡಿದ್ದು. ಮೊದಲು ಮೇಸ್ತ್ರಿನ ರಿಪೇರಿ ಮಾಡಿದೆ, ಆಗ ಬೀಗ ಹಾಗೇ ಇತ್ತು, ಕಳಚೋ ಬೀಗ. ಆಮೇಲೆ ಬೆಸುಗೆ. ಮೊದಲನೇ ಹಂತದ್ದು ಬಹಳ ಅಪಾಯ. ಹುಳಿಗೂ ಸಾಯಲ್ಲ, ಚಳಿಗೂ ಸಾಯಲ್ಲ, ಮೇಲಿಂದ ವಿಷಾನೂ ಕಕ್ಕುತ್ತೆ. ಪ್ರೊಫೆಸರ್ ನಂಬದಿದ್ರೂ, ಅಂಥದ್ದನ್ನ ಇಟ್ಕೊಳ್ಳೋ ಹಾಗಿಲ್ಲ, ನಿಯಮ ಅಂದ್ರೆ ನಿಯಮ ಅಂತ ಆಗಸ್ಟ್‌ನಲ್ಲೇ ಆರೂ ಟ್ಯೂಬ್ ಬೇಯಿಸಿ ಕೊಲ್ಲಿಸಿದ್ರು."

"ಯಾರ ಕೈಲಿ ಕೊಟ್ಟು ಕೊಲ್ಲಿಸಿದ್ರು?"

ಇಬ್ಬರೂ ಒಟ್ಟಿಗೇ ಮೂಲೆಯ ಉಕ್ಕಿನ ಡ್ರಮ್ಮಿನ ಕಡೆ ತಿರುಗಿದೆವು. ನನ್ನ ಆವಿ ಕುಕ್ಕರಿಗೆ ಅವು ಬರ್ಲೇ ಇಲ್ಲ. ಅದು ಬಡಬಡಿಕೆಯಾಗಿರಲಿಲ್ಲ. ಇಪ್ಪತ್ತು ವರ್ಷದಿಂದ ಈ ಕುಕ್ಕರಿಗೆ ಏನು ಬಂತು, ಏನು ಬರಲಿಲ್ಲ ಎಂಬುದನ್ನು ಬೆರಳಲ್ಲಿ ಎಣಿಸಿ ಹೇಳಬಲ್ಲವಳು ಟ್ರೈಂಟ್ಯೆ ಒಬ್ಬಳೇ.

ನಾನು ಅವನ ಕಡೆ ತಿರುಗಿದೆ.

"ಆಲ್ಡರ್ಟ್, ನೀವು ಟ್ಯೂಬ್ ತೆಗೆದದ್ದು ಯಾವಾಗ?"

"ಹದಿನಾಲ್ಕು, ಶುಕ್ರವಾರ. ಪುಸ್ತಕದಲ್ಲಿ ಇದೆಯಲ್ಲ."

"ಏನು?"

"ಸಹಿ ಹಾಕಿದೀನಿ." ಅವನು ನಾಚಿಕೆಯಿಂದ ಹೇಳಿದ. "ಹತ್ತು ವರ್ಷದ ಅಭ್ಯಾಸ ಮೇಡಂ. ಫ್ರೀಜರ್ ತೆಗೆದ್ರೆ ಪೆನ್ನು ತಾನಾಗೇ ಕೈಗೆ ಬರುತ್ತೆ. ಕದಿಯೋಕೆ ಹೋದವನು ಸಹಿ ಹಾಕಿ ಕದ್ದೆ. ಮಂಗಳವಾರ ನೀವು ಪುಸ್ತಕ ಕೇಳಿದಾಗ ಮುಗೀತು ನನ್ನ ಕಥೆ ಅಂದ್ಕೊಂಡೆ. ನೀವು ಏನೂ ಕೇಳ್ಲಿಲ್ಲ. ಯಾಕೆ ಅಂತ ಇವತ್ತಿಗೂ ಗೊತ್ತಾಗಿಲ್ಲ."

ಯಾಕೆಂದು ನನಗೆ ಗೊತ್ತಿತ್ತು. ನನ್ನ ಕನ್ನಡಕ ಕಾರಿನಲ್ಲಿತ್ತು. ಓದಿ ಹೇಳಿದವಳು ಒಡಿಲಿಯಾ.

ಫ್ರೀಜರು ಓಣಿಯ ಆ ತುದಿಯಲ್ಲಿತ್ತು. ಐವತ್ತೇಳರ ವಯಸ್ಸಿನಲ್ಲಿ ನಾನು ಓಡಿದೆ, ಆಲ್ಡರ್ಟ್ ಹಿಂದೆ ಓಡಿಬಂದ. ಪುಸ್ತಕ ದಾರದಲ್ಲಿ ನೇತಾಡುತ್ತಿತ್ತು. ಕನ್ನಡಕ ಏರಿಸಿಕೊಂಡು ನವೆಂಬರಿನ ಹಾಳೆ ತೆಗೆದೆ. ಅಲ್ಲೇ ಇತ್ತು, ಹರಿದಿರಲಿಲ್ಲ, ಅಳಿಸಿರಲಿಲ್ಲ. ಪುಟ ಹರಿದರೆ ಅನುಮಾನ ಬರುತ್ತದೆ. ಓದದೆ ಬಿಟ್ಟರೆ ಯಾರಿಗೆ ಗೊತ್ತು?

ಹದಿನಾಲ್ಕನೆಯ ತಾರೀಖಿನ ಸಾಲು: ರಿಪೇರಿ ಬರ್ತಾ, ಟ್ಯೂಬ್ ಮೂರು, ಆ. ರೋ.

ಅದರ ಮೇಲಿನ ಸಾಲು ಎರಡು ದಿನ ಹಿಂದಿನದು. ಹನ್ನೆರಡು, ಬುಧವಾರ: ಪೆಟ್ಟಿಗೆ ಜೋಡಣೆ, ಒ. ವೆ.

ಅವಳೂ ಸಹಿ ಹಾಕಿದ್ದಳು.

"ಮೂರನೇ ಟ್ಯೂಬ್ ಎಲ್ಲಕ್ಕಿಂತ ಮುಂದೆ ಇರುತ್ತೆ," ಎಂದ ಆಲ್ಡರ್ಟ್ ಏದುಸಿರಿನಲ್ಲಿ. "ನಾನು ಯಾವಾಗ್ಲೂ ಅದನ್ನೇ ತೆಗೆಯೋದು. ಅವರಿಗೆ ಗೊತ್ತು. ಆ ಜಾಗದಲ್ಲಿ ಮೊದಲ ಹಂತದ ಟ್ಯೂಬ್ ಇಟ್ಟುಬಿಟ್ಟಿದಾರೆ. ಮಜ್ಜಿಗೆ ಮಾತು ಆಡಿದಾಗ ಅವರೂ ಅಲ್ಲೇ ಕೂತಿದ್ರು, ಕೇಕ್ ಕತ್ತರಿಸ್ತಾ ಇದ್ರು. ಆ ವಾರವೇ ನನ್ನ ಮೇಜಿನ ಹತ್ರ ಬಂದು, ಇಷ್ಟೆಲ್ಲ ಮಾಡಿ ಸುಮ್ಮನೆ ಕೂತಿದೀರಲ್ಲ, ನಿಮ್ಮ ಜಾಗದಲ್ಲಿ ನಾನಿದ್ರೆ ತೋರಿಸಿಬಿಡ್ತಿದ್ದೆ ಅಂತ..." ಅವನು ಗೋಡೆಗೊರಗಿದ. "ಪ್ರೊಫೆಸರಿಗೂ ಅವರಿಗೂ ಏನೋ ಆಗಿತ್ತು. ಡಿಸೆಂಬರ್ ಒಂದಕ್ಕೆ ಫ್ರೀಜರ್‌ಗಳನ್ನೆಲ್ಲ ಹೊರಗಿನವರಿಂದ ಎಣಿಕೆ ಮಾಡಿಸ್ತೀನಿ ಅಂತ ನೋಟಿಸ್ ಹಾಕಿದ್ರು. ಆ ಆರು ಟ್ಯೂಬ್ ಯಾಕೆ ಇಟ್ಕೊಂಡ್ರೋ, ಯಾರಿಗೆ ಕೊಡೋಕೋ, ನನಗೆ ಗೊತ್ತಿಲ್ಲ."

ನನಗೂ ಗೊತ್ತಿರಲಿಲ್ಲ. ಅದನ್ನು ತಿಳಿಯುವ ಹೊತ್ತೂ ಅದಲ್ಲ. ಆಗ ನನ್ನ ಕಣ್ಣಿಗೆ ಬಿದ್ದದ್ದು ಒಡಿಲಿಯಾಳ ಮೇಜು. ಫ್ರೀಜರಿನ ಪಕ್ಕದಲ್ಲೇ ಅದು, ಸದಾ ಕನ್ನಡಿಯಷ್ಟು ಸ್ವಚ್ಛ. ಇವತ್ತು ಅದರ ಮೇಲೆ ಮೊಹರಿನ ಮಸಿಪೆಟ್ಟಿಗೆ ಮುಚ್ಚಳ ತೆಗೆದು ಬಿದ್ದಿತ್ತು. ಬೆರಳಿಟ್ಟು ನೋಡಿದೆ. ಮಸಿ ಹಸಿ ಇತ್ತು.

ಅಡುಗೆಮನೆಯಿಂದ ಹೋದವಳು ನೇರ ಸೈಕಲ್ಲಿಗೆ ಹೋಗಿರಲಿಲ್ಲ.

ಮಿರ್ತೆಗೆ ಫೋನು ಹಚ್ಚಿದೆ. ಒಂದು ಸಲ ಹೊಡೆದುಕೊಂಡಿತು. ಎರಡು. ಮೂರು. ಹನ್ನೆರಡು ಮೂವತ್ತಾರು. ಇನ್ನೂ ಇಪ್ಪತ್ತನಾಲ್ಕು ನಿಮಿಷ ಇದೆ ಎಂದು ನನಗೆ ನಾನೇ ಹೇಳಿಕೊಂಡೆ.

"ಶೌಕ್ಯೆ," ಎಂದಳು ಮಿರ್ತೆ. ಬೆಳಗಿನಿಂದ ಮೊದಲ ಸಲ ಅವಳ ದನಿಯಲ್ಲಿ ಗೆಲುವಿತ್ತು. "ನಾನೇ ಮಾಡ್ಬೇಕು ಅಂತಿದ್ದೆ. ಥ್ಯಾಂಕ್ಸ್ ಕಣ್ರೀ, ಇಷ್ಟು ಬೇಗ ಕಳಿಸ್ತೀರ ಅಂದ್ಕೊಂಡಿರಲಿಲ್ಲ."

"ನಾನೇನು ಕಳಿಸಿದೆ?"

"ಪತ್ರ. ನಿಮ್ಮ ಲ್ಯಾಬಿನ ಮೇಡಂ ತಂದ್ರಲ್ಲ. ಬೀಗ ಬೆಸೆದ ತಳಿ, ಔಷಧಿ ಕೊಡಬಹುದು ಅಂತ. ಮೊಹರಿದೆ, ಸಹಿ ಇದೆ. ಔಷಧಿಯ ಡ್ರಿಪ್ ಶುರು ಮಾಡಿ ಎಂಟು ನಿಮಿಷ ಆಯ್ತು."

"ನಿಲ್ಲಿಸು," ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಮಿರ್ತೆ, ಓಡು. ಸೂಜಿ ಕಿತ್ತು ಹಾಕು. ಆ ಪತ್ರ ಸುಳ್ಳು."

ಅತ್ತ ಕುರ್ಚಿ ಉರುಳಿದ ಸದ್ದು. "ನಾನು ಕೆಳಗಿನ ಮಹಡಿಯಲ್ಲಿದೀನಿ. ಹೋಗ್ತಿದೀನಿ, ಹೋಗ್ತಿದೀನಿ." ಮೆಟ್ಟಿಲ ಮೇಲೆ ಅವಳ ಹೆಜ್ಜೆ ದಡದಡ ಕೇಳಿಸಿತು.

"ಅವಳ ಹತ್ರ ನರ್ಸ್ ಇದಾರಾ?"

"ಇಲ್ಲ. ಟ್ರೈಂಟ್ಯೆಗೆ ಎಚ್ಚರ ಆಗಿತ್ತು. ಏನೋ ಹೇಳ್ಬೇಕು ಅಂತ ಒದ್ದಾಡ್ತಿದ್ಲು. ಆ ಮೇಡಂ, ನನ್ನ ಹತ್ರ ಹೇಳ್ಲಿ, ನಾವು ಹಳೇ ಸ್ನೇಹಿತರು, ಸ್ವಲ್ಪ ಹೊತ್ತು ನಮ್ಮನ್ನ ಬಿಡಿ ಅಂದ್ರು. ಅದಕ್ಕೆ..." ಹೆಜ್ಜೆಗಳು ನಿಂತವು. ಹಿಡಿಯನ್ನು ತಿರುಗಿಸುವ ಸದ್ದು ಒಂದು ಸಲ ಕೇಳಿಸಿತು, ಮತ್ತೊಂದು ಸಲ ಕೇಳಿಸಿತು.

"ಶೌಕ್ಯೆ," ಎಂದಳು ಮಿರ್ತೆ ಮೆಲ್ಲಗೆ. "ಬಾಗಿಲು ಒಳಗಿಂದ ಹಾಕಿದೆ."